ಗಡಸು ನೀರಿನ ಊರಲ್ಲಿ ಬಿಳಿ ಬಟ್ಟೆ

ನಮ್ಮ ಮನೆಗಳಲ್ಲಿ ಬಿಳಿ ಬಟ್ಟೆಗೆ ಒಂದು ವಿಶೇಷ ಗೌರವವಿದೆ. ಶುಕ್ರವಾರದ ಜುಮಾ ನಮಾಝಿಗೆ ಬಿಳಿ ಜುಬ್ಬಾ, ಬಿಳಿ ಪೈಜಾಮ, ಬಿಳಿ ಟೋಪಿ. ಹಬ್ಬಕ್ಕೆ ಹೊಸದು ಹೊಲಿಸಲು ಆಗದಿದ್ದರೂ ಇದ್ದುದೇ ಬೆಳ್ಳಗಿರಬೇಕು. ಹಜ್ಜಿಗೆ ಹೊರಟವರ ಇಹ್ರಾಮ್ ಬಿಳಿ, ಕೊನೆಯ ಪಯಣದ ಕಫನ್ ಕೂಡ ಬಿಳಿ. ಇದು ನಮ್ಮ ಮನೆಗಳ ಮಾತು ಮಾತ್ರವಲ್ಲ. ಪಕ್ಕದ ಬೀದಿಯ ಹಿರಿಯರು ಜಾತ್ರೆಗೆ ಉಡುವ ಪಂಚೆ, ಶಾಲೆಯ ಮಕ್ಕಳ ಶನಿವಾರದ ಸಮವಸ್ತ್ರ, ಮದುವೆ ಮಾತುಕತೆಗೆ ಹೊರಟವರ ಖಾದಿ ಅಂಗಿ, ಎಲ್ಲವೂ ಬಿಳಿಯೇ. ಊರಿನ ಮರ್ಯಾದೆಯ ಬಹುಪಾಲು ಬಿಳಿ ಬಟ್ಟೆಯ ಮೇಲೆಯೇ ನಿಂತಿದೆಯೇನೋ ಎನಿಸುತ್ತದೆ. ಆದರೆ ಆ ಬಿಳುಪನ್ನು ಕಾಪಾಡುವ ಕೆಲಸ ಯಾರದು? ಎಲ್ಲ ಬೀದಿಗಳಲ್ಲೂ ಉತ್ತರ ಒಂದೇ. ಮನೆಯ ಹೆಣ್ಮಕ್ಕಳದು. ಬಟ್ಟೆ ಮಾಸಲಾದರೆ ಮಾತು ಕೇಳಬೇಕಾದವರೂ ಅವರೇ.

ನಮ್ಮ ಊರು ಕಡೂರು ತಾಲ್ಲೂಕಿನ ಹಿರೇನಲ್ಲೂರು. ಹೋಬಳಿ ಕೇಂದ್ರವೆಂಬ ಹೆಸರಿದೆ. ತೆಂಗು, ರಾಗಿ ನಮ್ಮ ಸೀಮೆಯ ಬದುಕು. ಜಿಲ್ಲೆ ಚಿಕ್ಕಮಗಳೂರು ಎಂದೊಡನೆ ದೂರದವರು ಕಾಫಿ ತೋಟ, ಮಂಜು, ಜಲಪಾತಗಳನ್ನು ನೆನೆಯುತ್ತಾರೆ. ನಮ್ಮದು ಆ ಚಿಕ್ಕಮಗಳೂರಲ್ಲ. ಬಾಬಾಬುಡನ್ ಗಿರಿಯ ಸಾಲು ಮಳೆಯ ಮೋಡಗಳನ್ನು ಆಚೆಯೇ ತಡೆಯುತ್ತದೆ. ಗಿರಿಯ ಈಚೆಗೆ ಬೀಳುವುದು ಉಳಿದ ಮಳೆ. ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಆ ಗಿರಿಯಲ್ಲೇ ಹುಟ್ಟಿ, ಒಂದು ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಕಡೆ ಕೂಡಿ ವೇದಾವತಿ ಎನಿಸಿಕೊಳ್ಳುತ್ತವೆ. ಅದು ವರ್ಷದ ಹೆಚ್ಚಿನ ದಿನ ಹೆಸರಿಗೆ ಮಾತ್ರ ನದಿ. ಹಾಗಾಗಿ ನಮಗೆ ದಿಕ್ಕು ಕೊಳವೆ ಬಾವಿ. ಈಗ ಮನೆಯಂಗಳಕ್ಕೆ ನಲ್ಲಿ ಬಂದಿದ್ದರೂ ನಲ್ಲಿಯಲ್ಲಿ ಬರುವುದು ಆ ಕೊಳವೆ ಬಾವಿಯ ನೀರೇ. ನೂರಾರು ಅಡಿ ಆಳದಿಂದ ಬರುವ ಈ ನೀರು ಬೇಳೆಯನ್ನು ಬೇಗ ಬೇಯಿಸುವುದಿಲ್ಲ, ಹಂಡೆಯ ಒಳಗೆ ಸುಣ್ಣ ಬಳಿದಂತೆ ಪದರ ಕಟ್ಟುತ್ತದೆ, ತಲೆಗೆ ಹಾಕಿದರೆ ಕೂದಲು ಹುರಿಹಗ್ಗವಾಗುತ್ತದೆ.

ನಮ್ಮ ಭಾಬಿ ಮದುವೆಯಾಗಿ ಬಂದದ್ದು ಕೊಪ್ಪದ ಕಡೆಯಿಂದ. ಅವರ ತವರಿನಲ್ಲಿ ಒಗೆಯುವ ಕಲ್ಲು ಹಳ್ಳದ ದಂಡೆಯಲ್ಲಿತ್ತು. ಒಂದು ತುಂಡು ಬಾರ್ ಸೋಪಿನಲ್ಲಿ ಇಡೀ ಮನೆಯ ಬಟ್ಟೆ ಮುಗಿಯುತ್ತಿತ್ತಂತೆ. ಇಲ್ಲಿ ಅದೇ ಸೋಪು, ಅದೇ ಕೈ, ಅದೇ ತಿಕ್ಕಾಟ. ಆದರೆ ನೊರೆ ಬರಲಿಲ್ಲ. ಬಕೆಟ್ಟಿನ ಮೇಲೆ ಮೊಸರು ಒಡೆದಂತೆ ಬಿಳಿ ಮಡ್ಡಿ ತೇಲಿತು. ಆರು ತಿಂಗಳಾಗುವಷ್ಟರಲ್ಲಿ ಮದುವೆಯ ಜೊತೆ ಬಂದ ಬಿಳಿ ಹಾಸಿಗೆ ಹೊದಿಕೆಗಳು ಬೂದಿಯ ಬಣ್ಣಕ್ಕೆ ತಿರುಗಿದವು. ಒಣಹಾಕಿದ ಹಗ್ಗದ ಕಡೆ ಬೀದಿಯವರ ಕಣ್ಣು ಹೋಗದೆ ಇರುತ್ತದೆಯೇ? “ಮಲೆನಾಡಿನ ಹುಡುಗಿ, ತಿಕ್ಕಿ ಒಗೆಯಲು ಬರುವುದಿಲ್ಲ” ಎಂಬ ಮಾತು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಯಿತು. ಭಾಬಿ ಇನ್ನಷ್ಟು ಸೋಪು ಹಾಕಿದರು, ಇನ್ನಷ್ಟು ಕುಕ್ಕಿದರು. ಬಟ್ಟೆ ಬೆಳ್ಳಗಾಗಲಿಲ್ಲ. ಬೆರಳ ಸಂದಿಯ ಚರ್ಮ ಒಡೆಯಿತು. ಹಿಟ್ಟು ನಾದಲು ಉಪ್ಪು ಮುಟ್ಟಿದರೆ ಉರಿ.

ಇಂಥ ಮಾತು ಕೇಳಿದ ಸೊಸೆ ಅವರೊಬ್ಬರೇ ಅಲ್ಲ. ಮಲೆನಾಡಿನಿಂದ ಬಯಲುಸೀಮೆಗೆ ಬಂದ ಎಷ್ಟೋ ಹೆಣ್ಮಕ್ಕಳು, ಹಿಂದೂ ಮನೆಯವರಾಗಲಿ ಮುಸ್ಲಿಮ್ ಮನೆಯವರಾಗಲಿ, ಈ ಆರೋಪವನ್ನು ಹೊತ್ತಿದ್ದಾರೆ. ಆದ್ದರಿಂದ ಬಟ್ಟೆ ಬೆಳ್ಳಗಾಗಿಸುವ ಉಪಾಯ ಹೇಳುವ ಮೊದಲು ಬಟ್ಟೆ ಬೂದಾಗುವುದು ಏಕೆ ಎಂದು ತಿಳಿಯುವುದು ಒಳ್ಳೆಯದು. ಇಲ್ಲಿ ತಪ್ಪು ಕೈಯದಲ್ಲ, ನೀರಿನದು.

ಮಳೆಯ ನೀರು ಮೃದು. ಅದು ನೆಲದೊಳಗೆ ಇಳಿದು ಕಲ್ಲು ಮಣ್ಣುಗಳ ನಡುವೆ ವರ್ಷಗಟ್ಟಲೆ ನಿಂತಾಗ ಅಲ್ಲಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅದರಲ್ಲಿ ಕರಗುತ್ತವೆ. ಇದನ್ನೇ ಗಡಸು ನೀರು ಎನ್ನುವುದು. ಕುಡಿಯುವ ನೀರಿಗೆ 2012ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಸೋಪು ಎಂದರೆ ಎಣ್ಣೆ ಕೊಬ್ಬುಗಳಿಂದ ಬಂದ ಆಮ್ಲದ ಜೊತೆ ಸೋಡಿಯಂ ಸೇರಿದ ವಸ್ತು. ಗಡಸು ನೀರಿಗೆ ಬಿದ್ದ ತಕ್ಷಣ ಸೋಡಿಯಂನ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂರುತ್ತದೆ. ಆಗ ನೀರಿನಲ್ಲಿ ಕರಗದ ಅಂಟು ಮಡ್ಡಿಯಾಗುತ್ತದೆ. ಕೊಳೆ ತೆಗೆಯಬೇಕಾದ ಸೋಪೇ ಕೊಳೆಯಾಗಿ, ಬಟ್ಟೆಯ ಎಳೆಗಳ ನಡುವೆ ಕುಳಿತು, ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಗೆದಷ್ಟೂ ಬೂದು.

ಲೆಕ್ಕ ಹಾಕಿ ನೋಡಿದರೆ ಇನ್ನೂ ಸ್ಪಷ್ಟ. ಲೀಟರಿಗೆ 400 ಮಿಲಿಗ್ರಾಂ ಗಡಸುತನವಿರುವ 15 ಲೀಟರ್ ನೀರು, ಅಂದರೆ ಒಂದು ಬಕೆಟ್ ನೀರು, ಒಂದು ಎಳೆ ಕೊಳೆ ಬಿಡಿಸುವ ಮೊದಲೇ ಸುಮಾರು 35 ಗ್ರಾಂ ಸೋಪನ್ನು ನುಂಗಿಬಿಡುತ್ತದೆ. 150 ಗ್ರಾಮಿನ ಬಿಲ್ಲೆಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ. ಅದೇ ಬಕೆಟ್ಟಿನ ಗಡಸುತನ ಇಳಿಸಲು ಬೇಕಾಗುವ ಪುಡಿ ರೂಪದ ವಾಷಿಂಗ್ ಸೋಡಾ ಆರೇಳು ಗ್ರಾಂ. ಒಂದು ಟೀ ಚಮಚೆ! ಸೊಸೆಯ ಕೈಗೂ ಬೀದಿಯ ಬಾಯಿಗೂ ನಡುವೆ ಇದ್ದ ಅಂತರ ಒಂದು ಚಮಚೆ ಸೋಡಾ ಎಂದರೆ ನಗು ಬರುತ್ತದೆ. ಆದರೆ ಆ ದಿನಗಳಲ್ಲಿ ನಗುವ ಹಾಗಿರಲಿಲ್ಲ.

ಹಾಗಾದರೆ ಹಿಂದಿನವರು ಏನು ಮಾಡುತ್ತಿದ್ದರು? ಅವರ ಬಟ್ಟೆಯನ್ನು ಬಹುಪಾಲು ಒಗೆಯುತ್ತಿದ್ದವರು ಮಡಿವಾಳರು. ಹಳ್ಳಿಯ ಆಯಗಾರರಲ್ಲಿ ಅವರೂ ಒಬ್ಬರು. ಸುಗ್ಗಿಯಲ್ಲಿ ಮನೆಮನೆಯಿಂದ ಅವರಿಗೆ ಧಾನ್ಯ ಸಲ್ಲುತ್ತಿತ್ತು. ನಮ್ಮ ಮನೆಗಳ ಬಟ್ಟೆಯ ಗಂಟೂ ಅವರಲ್ಲಿಗೇ ಹೋಗುತ್ತಿತ್ತು. ಅವರು ಕೆರೆಯ ಏರಿಯಲ್ಲಿ ಒಗೆಯುತ್ತಿದ್ದರು. ಕೆರೆಯಲ್ಲಿ ನಿಂತದ್ದು ಮಳೆಯ ನೀರು, ಕೊಳವೆ ಬಾವಿಯ ನೀರಿಗಿಂತ ಎಷ್ಟೋ ಮೃದು. ಬಿಳಿ ಬಟ್ಟೆಗೆ ಚೌಳು ಮಣ್ಣು ಕದಡಿದ ನೀರು ಹಿಡಿಸಿ, ದೊಡ್ಡ ಮಡಕೆಯ ಬಾಯಿಯ ಮೇಲೆ ಸುತ್ತ ಪೇರಿಸಿ, ಕೆಳಗೆ ಬೆಂಕಿ ಹಾಕಿ ರಾತ್ರಿಯಿಡೀ ಹಬೆಯಲ್ಲಿ ಬೇಯಿಸುತ್ತಿದ್ದರು. ಇದಕ್ಕೆ ಉಬ್ಬೆ ಹಾಕುವುದು ಎನ್ನುತ್ತಾರೆ. ಬೆಳಿಗ್ಗೆ ಕಲ್ಲಿಗೆ ಬಡಿದು, ಜಾಲಾಡಿಸಿ, ಬಿಸಿಲಿಗೆ ಹರಡಿದರೆ ಮುಗಿಯಿತು. ಯಾರ ಬಟ್ಟೆ ಎಂದು ತಿಳಿಯಲು ಮೂಲೆಯಲ್ಲಿ ಕೇರುಬೀಜದ ರಸದ ಗುರುತು. ಆ ಗುರುತನ್ನು ಯಾವ ಉಬ್ಬೆಯೂ ಅಳಿಸುತ್ತಿರಲಿಲ್ಲ.

ಚೌಳು ಮಣ್ಣಿನಲ್ಲಿರುವುದು ಸೋಡಿಯಂ ಕಾರ್ಬೊನೇಟ್. ಅಂಗಡಿಯ ವಾಷಿಂಗ್ ಸೋಡಾ ಕೂಡ ಅದೇ. ಮನೆಯಲ್ಲಿ ನಮ್ಮ ದಾದಿ ಕಟ್ಟಿಗೆಯ ಬೂದಿಯನ್ನು ನೀರಿನಲ್ಲಿ ಕದಡಿ, ಒಂದು ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಬಸಿದು ಅದರಲ್ಲಿ ಮಗುವಿನ ಬಟ್ಟೆ ನೆನೆಸುತ್ತಿದ್ದರು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ಸೋಡಾದ ಹತ್ತಿರದ ನೆಂಟ. ಪಕ್ಕದ ಮನೆಯ ಅಜ್ಜಿ ರೇಷ್ಮೆಗೂ ಉಣ್ಣೆಗೂ ಅಂಟುವಾಳದ ಕಾಯಿ ಬಳಸುತ್ತಿದ್ದರು. ಅದರ ನೊರೆಗೆ ಗಡಸು ನೀರಿನ ಹಂಗು ಅಷ್ಟಾಗಿ ಇಲ್ಲ. ಇವರಾರೂ ರಸಾಯನಶಾಸ್ತ್ರ ಓದಿದವರಲ್ಲ. ಆದರೆ ನೀರನ್ನು ಪಳಗಿಸಿದ ಮೇಲೆಯೇ ಬಟ್ಟೆಗೆ ಕೈ ಹಾಕಬೇಕು ಎಂಬುದು ಅವರಿಗೆ ಗೊತ್ತಿತ್ತು.

ಮಡಿವಾಳರ ಕಸುಬಿನ ಬಗ್ಗೆ ಮಾತಾಡುವಾಗ ಇನ್ನೊಂದನ್ನು ಮರೆಯಬಾರದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಜೊತೆಗಿದ್ದ ಶರಣರಲ್ಲಿ ಮಡಿವಾಳ ಮಾಚಿದೇವರದು ದೊಡ್ಡ ಹೆಸರು. ಶರಣರು ಆ ಕಾಯಕಕ್ಕೆ ಕೊಟ್ಟ ಗೌರವವನ್ನು ಸಮಾಜ ಉಳಿಸಿಕೊಳ್ಳಲಿಲ್ಲ. ಎಲ್ಲರ ಕೊಳೆ ತೆಗೆದವರನ್ನು ಊರಿನ ಅಂಚಿನಲ್ಲೇ ಇಟ್ಟಿತು. ಅವರ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಅವರ ತಲೆಯ ಮೇಲಿನ ಗಂಟು ಇಳಿದಾಗ ಅದು ಮನೆಯ ಹೆಣ್ಮಕ್ಕಳ ಕೈಗೆ ಬಂತು. ಗಂಟು ಬಂತು, ಉಬ್ಬೆಯ ವಿದ್ಯೆ ಬರಲಿಲ್ಲ. ಕೆರೆ ಬತ್ತಿತು.

ಆ ಜಾಗಕ್ಕೆ ಬಂದದ್ದು ಪೇಟೆಯ ಪುಡಿ. 1959ರಲ್ಲಿ ಸರ್ಫ್ ನಮ್ಮ ದೇಶದ ಮಾರುಕಟ್ಟೆಗೆ ಬಂತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ನಿರ್ಮಾ ಶುರು ಮಾಡಿ, ಬಡವರ ಮನೆಗೂ ಪುಡಿ ತಲುಪುವಂತೆ ಮಾಡಿದರು. ಇವು ಸೋಪಲ್ಲ, ಡಿಟರ್ಜೆಂಟ್. ಗಡಸು ನೀರಿನಲ್ಲಿ ಸೋಪಿನಂತೆ ಒಡೆಯುವುದಿಲ್ಲ. ನಮ್ಮಂಥ ಊರುಗಳಿಗೆ ಇದು ಉಪಕಾರವೇ ಆಯಿತೆಂದು ಒಪ್ಪಬೇಕು. ಆದರೂ ಗಡಸುತನ ಅವುಗಳ ಶಕ್ತಿಯನ್ನೂ ಕುಗ್ಗಿಸುತ್ತದೆ. ಪುಡಿಯೊಳಗಿನ ಸೋಡಾ ನೀರಿನ ಸುಣ್ಣದೊಡನೆ ಸೇರಿ ಬಟ್ಟೆಯ ಮೇಲೆಯೇ ಕೂರುವುದೂ ಉಂಟು. ಅದಕ್ಕೇ ಒಗೆದ ಟವೆಲು ಕೆಲವೊಮ್ಮೆ ಹಪ್ಪಳದಂತೆ ಗಟ್ಟಿಯಾಗುತ್ತದೆ.

ಇನ್ನು ನೀಲಿ. ನೀಲಿ ಕೊಳೆ ತೆಗೆಯುವುದಿಲ್ಲ, ಕಣ್ಣನ್ನು ಒಲಿಸಿಕೊಳ್ಳುತ್ತದೆ. ಹಳೆಯ ಹತ್ತಿ ಬಟ್ಟೆ ಹಳದಿಗೆ ತಿರುಗಿರುತ್ತದೆ. ಹಳದಿಯ ಮೇಲೆ ಎಳೆಯ ನೀಲಿ ಬಿದ್ದರೆ ಎರಡೂ ಒಂದನ್ನೊಂದು ತಿಂದು ಬಿಳುಪಿನ ಭ್ರಮೆ ಹುಟ್ಟುತ್ತದೆ. ಹಿಂದೊಮ್ಮೆ ಈ ಗಾಢ ನೀಲಿ ಅಫ್ಘಾನಿಸ್ತಾನದ ಬಡಕ್ಷಾನಿನ ಬೆಟ್ಟಗಳ ಕಲ್ಲಿನಿಂದ ಬರುತ್ತಿತ್ತು, ರಾಜರ ಚಿತ್ರಶಾಲೆಗಳಿಗೆ ಮಾತ್ರ ಎಟುಕುತ್ತಿತ್ತು. 1820ರ ದಶಕದಲ್ಲಿ ಫ್ರಾನ್ಸಿನ ಗಿಮೆ ಎಂಬವರು ಅದನ್ನು ಕೃತಕವಾಗಿ ತಯಾರಿಸುವ ದಾರಿಯನ್ನು ಕಂಡುಹಿಡಿದ ಮೇಲೆ ಅದು ಅಗ್ಗವಾಗಿ, ಒಗೆಯುವ ಬಕೆಟ್ಟಿಗೂ ಇಳಿಯಿತು. ನಮ್ಮ ಅಮ್ಮಿ ಪುಡಿ ನೀಲಿಯನ್ನು ಬಟ್ಟೆಯ ಚೂರಿನಲ್ಲಿ ಗಂಟು ಕಟ್ಟಿ ನೀರಿನಲ್ಲಿ ಅಲ್ಲಾಡಿಸುತ್ತಿದ್ದರು. 1983ರಲ್ಲಿ ಕೇರಳದ ತ್ರಿಶೂರು ಜಿಲ್ಲೆಯಿಂದ ಉಜಾಲಾ ಬಂದ ಮೇಲೆ ಗಂಟು ಹೋಯಿತು, ನಾಲ್ಕು ಹನಿ ಉಳಿಯಿತು.

ಈಗಿನ ಪುಡಿಗಳಲ್ಲಿ ಇನ್ನೂ ಒಂದು ಕೈಚಳಕವಿದೆ. 1929ರಲ್ಲಿ ಪಾಲ್ ಕ್ರೈಸ್ ಎಂಬ ಜರ್ಮನ್ ವಿಜ್ಞಾನಿ ಕುದುರೆ ಚೆಸ್ಟ್‌ನಟ್ ಎಂಬ ಮರದ ತೊಗಟೆಯ ಸಾರದಲ್ಲಿ ಬಟ್ಟೆ ಅದ್ದಿದಾಗ ಅದು ಹೆಚ್ಚು ಬೆಳ್ಳಗೆ ಕಂಡಿತು. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುವ ವಸ್ತು ಅದರಲ್ಲಿತ್ತು. ಇಂದಿನ ಹೆಚ್ಚಿನ ಪುಡಿಗಳಲ್ಲಿ ಅಂಥ ಕೃತಕ ವಸ್ತುಗಳಿವೆ. ಜಾಹೀರಾತಿನ ಅಂಗಿ ಬಿಸಿಲಿನಲ್ಲಿ ಝಗ್ಗನೆ ಹೊಳೆಯುವುದು ಅದರಿಂದ. ಅದೇ ಅಂಗಿಯನ್ನು ರಾತ್ರಿ ಎಲ್‌ಇಡಿ ದೀಪದಡಿ ನೋಡಿ, ಅರ್ಧ ಹೊಳಪು ಇರುವುದಿಲ್ಲ. ಅಂದರೆ ಟಿವಿ ನಮಗೆ ಕಲಿಸಿದ ಬಿಳುಪು ಹತ್ತಿಯ ಸಹಜ ಬಿಳುಪಲ್ಲ. ಯಾವ ಒಗೆತವೂ ತಾನಾಗಿ ಕೊಡಲಾಗದ ಬಣ್ಣವನ್ನು ಮಾನದಂಡವಾಗಿಟ್ಟು, ಪಕ್ಕದ ಮನೆಯವಳಿಗಿಂತ ನಿನ್ನ ಬಟ್ಟೆ ಮಾಸಲು ಎಂದು ಹೆಂಗಸರನ್ನು ಅಣಕಿಸುವುದನ್ನು ಜಾಹೀರಾತುಗಳು ಎಷ್ಟೋ ದಶಕಗಳಿಂದ ಮಾಡಿಕೊಂಡು ಬಂದಿವೆ.

ಸರಿ, ಮನೆಯಲ್ಲೇ ಏನು ಮಾಡಬಹುದು? ನಾವು ವರ್ಷಗಳಿಂದ ಮಾಡುತ್ತಿರುವುದನ್ನು ಹೇಳುತ್ತೇವೆ.

ಬಟ್ಟೆ ಈಗಾಗಲೇ ಬೂದಾಗಿದ್ದರೆ ಮೊದಲು ಹಳೆಯ ಸುಣ್ಣ ಮತ್ತು ಮಡ್ಡಿಯನ್ನು ಬಿಡಿಸಬೇಕು. ಅದಕ್ಕೆ ಬೇಕಾದದ್ದು ಹುಳಿ. ಅರ್ಧ ಬಕೆಟ್ ಬೆಚ್ಚಗಿನ ನೀರಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು ಒಂದು ದೊಡ್ಡ ಚಮಚೆ, ಇಲ್ಲವೇ ಬಿಳಿ ವಿನೆಗರ್ ಒಂದು ಲೋಟ ಹಾಕಿ, ಬಟ್ಟೆಯನ್ನು ಅರ್ಧ ಗಂಟೆ ನೆನೆಸಿ. ನಿಂಬೆಹಣ್ಣು ಅಗ್ಗವಿದ್ದಾಗ ಏಳೆಂಟು ಹಣ್ಣಿನ ರಸವೂ ಆದೀತು. ಆಮೇಲೆ ಒಂದು ಸಲ ಜಾಲಾಡಿಸಿ ಹುಳಿಯನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಮುಂದೆ ಹಾಕುವ ಸೋಪು ಕೆಡುತ್ತದೆ. ಕ್ಲೋರಿನ್ ಇನ್ನೂ ಗೊತ್ತಿರದ ಕಾಲದಲ್ಲಿ ಯುರೋಪಿನವರು ನಾರುಬಟ್ಟೆಯನ್ನು ಹುಳಿ ಹಾಲಿನಲ್ಲಿ ನೆನೆಸಿ ಹುಲ್ಲುಗಾವಲಿನ ಮೇಲೆ ವಾರಗಟ್ಟಲೆ ಹರಡುತ್ತಿದ್ದರು. ಉಪಾಯ ಹೊಸದೇನಲ್ಲ.

ಎರಡನೆಯದು ನೀರನ್ನು ಪಳಗಿಸುವುದು. ಬಟ್ಟೆ ಹಾಕುವ ಮೊದಲೇ ಬಕೆಟ್ ಬಿಸಿನೀರಿಗೆ ಒಂದೂವರೆ ಟೀ ಚಮಚೆ ವಾಷಿಂಗ್ ಸೋಡಾ ಹಾಕಿ ಕಲಕಿ, ಅರ್ಧ ಗಂಟೆ ಬಿಡಿ. ನೀರು ಮೊದಲು ಹಾಲಿನಂತೆ ಕದಡುತ್ತದೆ, ನಂತರ ಸುಣ್ಣ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಸಿದು ಅದರಲ್ಲಿ ಸೋಪು ಅಥವಾ ಪುಡಿ ಹಾಕಿ. ಮೊದಲು ಹಾಕುತ್ತಿದ್ದ ಪುಡಿಯ ಅರ್ಧ ಸಾಕಾಗುತ್ತದೆ. ಹತ್ತಿಯ ಪಂಚೆ, ಬನಿಯನ್, ಹಾಸಿಗೆ ಹೊದಿಕೆಗಳನ್ನು ಇದೇ ನೀರಿನಲ್ಲಿ ಸ್ಟೀಲಿನ ಪಾತ್ರೆಯಲ್ಲಿಟ್ಟು ಹತ್ತು ಹದಿನೈದು ನಿಮಿಷ ಕುದಿಸಿದರೆ ಅದೇ ಮನೆಯ ಉಬ್ಬೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಪಾಲಿಯೆಸ್ಟರ್ ಬೆರೆತ ಅಂಗಿಯನ್ನು ಕುದಿಸಬಾರದು. ರೇಷ್ಮೆ, ಉಣ್ಣೆಗಳನ್ನು ಸೋಡಾದ ಹತ್ತಿರವೂ ತರಬಾರದು.

ಇಷ್ಟಾದರೂ ಹಳದಿ ಉಳಿದರೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ 100 ಮಿಲಿಲೀಟರನ್ನು ಐದು ಲೀಟರ್ ಬಿಸಿನೀರಿಗೆ ಒಂದು ಚಮಚೆ ಸೋಡಾದೊಡನೆ ಹಾಕಿ ಒಂದು ಗಂಟೆ ನೆನೆಸಬಹುದು. ಅದು ಕೆಲಸ ಮುಗಿಸಿ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಪಾಲಿಯೆಸ್ಟರ್ ಬೆರಕೆಗೂ ತೊಂದರೆಯಿಲ್ಲ. ಕೊನೆಗೆ ಬಿಸಿಲು. ಬಯಲುಸೀಮೆಗೆ ದೇವರು ನೀರನ್ನು ಕಡಿಮೆ ಕೊಟ್ಟಿರಬಹುದು, ಬಿಸಿಲಿಗೆ ಕೊರತೆ ಮಾಡಿಲ್ಲ. ಬಟ್ಟೆ ಹಸಿಯಿದ್ದಾಗಲೇ ನೇರ ಬಿಸಿಲಿಗೆ ಹಾಕಬೇಕು. ಹಳದಿಯನ್ನು ಬಿಡಿಸುವ ಕೆಲಸ ತೇವವಿರುವಾಗಲೇ ಹೆಚ್ಚು ನಡೆಯುತ್ತದೆ.

ಕಲೆಗಳಿಗೆ ಒಂದೊಂದಕ್ಕೆ ಒಂದೊಂದು ದಾರಿ. ಅರಿಶಿನದ ಕಲೆಗೆ ಸೋಪು ತಾಗಿದೊಡನೆ ಅದು ಕೆಂಪಾಗುತ್ತದೆ, ಹೆದರಬೇಕಿಲ್ಲ. ತೊಳೆದು ಬಿಸಿಲಿಗೆ ಹಾಕಿದರೆ ಎರಡು ಮೂರು ದಿನದಲ್ಲಿ ಮಾಯ. ಬಿರಿಯಾನಿ ತಿಂದ ಜುಬ್ಬಾದ ತೋಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ರಕ್ತದ ಕಲೆಗೆ ತಣ್ಣೀರೇ ಆಗಬೇಕು, ಬಿಸಿನೀರು ಅದನ್ನು ಬಟ್ಟೆಗೆ ಬೇಯಿಸಿಬಿಡುತ್ತದೆ. ಟ್ರಂಕಿನ ತುಕ್ಕಿನ ಕಲೆಗೆ ನಿಂಬೆರಸ ಮತ್ತು ಉಪ್ಪು ಹಚ್ಚಿ ಬಿಸಿಲಿನಲ್ಲಿಡಿ, ಒಣಗಿದಂತೆ ಮತ್ತೆ ರಸ ಹಿಂಡಿ. ಕೊರಳಪಟ್ಟಿಯ ಕೊಳೆ ಎಣ್ಣೆ ಮತ್ತು ಬೆವರಿನದು. ಹಿಂದಿನ ರಾತ್ರಿಯೇ ಮೈಸೋಪು ಹಚ್ಚಿಟ್ಟರೆ ಬೆಳಿಗ್ಗೆ ಬ್ರಷ್ಷಿನ ಯುದ್ಧ ಬೇಕಾಗುವುದಿಲ್ಲ. ತೋಟದಲ್ಲಿ ಬಾಳೆಯ ಸೊನೆ ಅಂಟಿದರೆ ಒಣಗಲು ಬಿಡದೆ ತೊಳೆಯಬೇಕು. ಒಣಗಿದ ಮೇಲೆ ಅದು ಸುಲಭಕ್ಕೆ ಬಿಡುವುದಿಲ್ಲ, ತೋಟದ ಅಂಗಿಯನ್ನು ತೋಟಕ್ಕೇ ಮೀಸಲಿಡುವುದು ಜಾಣತನ.

ನೀಲಿ ಹಾಕುವುದಾದರೆ ಕಟ್ಟಕಡೆಯ ನೀರಿಗೆ, ಬಟ್ಟೆಯಲ್ಲಿ ಸೋಪಿನ ಅಂಶವೇ ಇಲ್ಲದಂತೆ ಜಾಲಾಡಿಸಿದ ಮೇಲೆ ಹಾಕಬೇಕು. ಮೊದಲು ನೀರಿನಲ್ಲಿ ಪೂರ್ತಿ ಕಲಸಿ, ನಂತರ ಬಟ್ಟೆ ಬಿಡಿಸಿ ಅದ್ದಬೇಕು. ಪುಡಿ ನೀಲಿ ಹೆಚ್ಚಾಗಿ ಪಟ್ಟೆ ಬಿದ್ದರೆ ವಿನೆಗರ್ ನೀರಿನಲ್ಲಿ ಅದ್ದಿದರೆ ಇಳಿಯುತ್ತದೆ. ಗಂಜಿ ಹಾಕಿದ ಬಟ್ಟೆಗೆ ಒಂದು ಲಾಭವಿದೆ. ಕೊಳೆ ಎಳೆಗೆ ಅಂಟದೆ ಗಂಜಿಗೆ ಅಂಟುತ್ತದೆ, ಮುಂದಿನ ಒಗೆತದಲ್ಲಿ ಗಂಜಿಯ ಜೊತೆಗೇ ಹೋಗುತ್ತದೆ.

ಬ್ಲೀಚ್ ಬಗ್ಗೆ ಎಚ್ಚರದ ಮಾತು ಹೇಳಲೇಬೇಕು. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನೆಂಟ್ ಬ್ಲೀಚಿಂಗ್ ಪುಡಿಗೆ ಪೇಟೆಂಟ್ ಪಡೆದ ಮೇಲೆ ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು, ನಿಜ. ಆದರೆ ಅದು ಕಲೆಯ ಜೊತೆ ಎಳೆಯನ್ನೂ ತಿನ್ನುತ್ತದೆ. ತಿಂಗಳಿಗೆ ನಾಲ್ಕು ಸಲ ಬ್ಲೀಚ್ ಕಂಡ ಬನಿಯನ್ ವರ್ಷ ಬಾಳುವುದಿಲ್ಲ. ಬೆವರಿನ ಹಳದಿಯನ್ನೂ ತುಕ್ಕಿನ ಕಲೆಯನ್ನೂ ಅದು ಇನ್ನಷ್ಟು ಗಟ್ಟಿ ಮಾಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬ್ಲೀಚಿಗೆ ನಿಂಬೆರಸ, ವಿನೆಗರ್, ಬಚ್ಚಲು ತೊಳೆಯುವ ಆಸಿಡ್ ಯಾವುದನ್ನೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ಎರಡು ಒಳ್ಳೆಯ ವಸ್ತುಗಳನ್ನು ಸೇರಿಸಿದರೆ ಇನ್ನೂ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಅಡುಗೆಯಲ್ಲೂ ಎಲ್ಲ ಸಲ ನಿಜವಾಗುವುದಿಲ್ಲ, ಇಲ್ಲಿಯಂತೂ ಸಲ್ಲದು.

ಹಜ್ಜ್ ಅಥವಾ ಉಮ್ರಾಕ್ಕೆ ಹೊರಡುವ ಮನೆಯವರು ಇಹ್ರಾಮಿನ ಬಟ್ಟೆಯ ಬಗ್ಗೆ ಕೇಳುವುದುಂಟು. ಇಹ್ರಾಮಿನ ಸ್ಥಿತಿಯಲ್ಲಿ ಸುಗಂಧ ಸಲ್ಲದ ಕಾರಣ, ಘಮಘಮಿಸುವ ಪುಡಿಗಿಂತ ವಾಸನೆಯಿಲ್ಲದ ಸೋಡಾ ಮತ್ತು ಸಾದಾ ಸೋಪು ಒಳ್ಳೆಯದು. ಹಿಂದಿರುಗಿದ ಮೇಲೆ ಅನೇಕರು ಅದನ್ನು ಕಫನ್‌ಗೆಂದು ಟ್ರಂಕಿನಲ್ಲಿ ಎತ್ತಿಡುತ್ತಾರೆ. ವರ್ಷಗಳ ನಂತರ ತೆಗೆದಾಗ ಮಡಿಕೆಗಳಲ್ಲಿ ಹಳದಿ ಗೆರೆ. ಸೋಪಿನ ಅಂಶ, ಗಂಜಿ, ಬೆವರು ಒಳಗುಳಿದರೆ ಹೀಗಾಗುತ್ತದೆ. ಗಂಜಿ, ನೀಲಿ ಯಾವುದೂ ಇಲ್ಲದೆ ಚೆನ್ನಾಗಿ ಜಾಲಾಡಿಸಿ, ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಚೀಲಕ್ಕೆ ಬದಲು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, ವರ್ಷಕ್ಕೊಮ್ಮೆ ಮಡಿಕೆ ಬದಲಿಸಿದರೆ ಬಾಳುತ್ತದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಶುಚಿತ್ವ ಬೇರೆ, ಬಿಳುಪು ಬೇರೆ. ನಮಾಝಿಗೆ ಬೇಕಾದದ್ದು ತಹಾರತ್, ಅಂದರೆ ಶುದ್ಧಿ. ಸರಿಯಾಗಿ ತೊಳೆದ ಮೇಲೂ ಹೋಗದೆ ಉಳಿದ ಕಲೆಯ ಬಣ್ಣ ಆ ಶುದ್ಧಿಗೆ ಅಡ್ಡಿಯಲ್ಲ ಎಂದು ಫಿಕ್ಹ್ ಪಂಡಿತರು ಹೇಳುತ್ತಾರೆ. ಬಿಳಿ ಬಟ್ಟೆ ಉತ್ತಮ, ಆದರೆ ಬೂದು ಅಂಗಿಯವನ ನಮಾಝ್ ಕಡಿಮೆಯದೇನಲ್ಲ. ಹರಿಯುವ ನದಿಯ ಬಳಿ ಕುಳಿತರೂ ವುಝೂಗೆ ನೀರು ಪೋಲು ಮಾಡಬಾರದೆಂಬ ಬೋಧನೆಯನ್ನು ಕೇಳಿ ಬೆಳೆದವರು ನಾವು. ಅಂಥ ನಾವು ಬಿಳುಪಿನ ಹಟಕ್ಕೆ ನಾಲ್ಕು ನೀರು, ಐದು ನೀರು ಎಂದು ಜಾಲಾಡಿಸುತ್ತಾ ಹೋಗುವುದು ಎಷ್ಟು ಸರಿ? 2023ರಲ್ಲಿ ಮಳೆ ಕೈಕೊಟ್ಟು ಬರ ಬಂದಾಗ ನಮ್ಮ ಬೀದಿಯಲ್ಲಿ ಕೊಡದ ಸಾಲು ಬೆಳಗಿನ ಜಾವಕ್ಕೇ ಶುರುವಾಗುತ್ತಿತ್ತು. ಆ ದಿನಗಳಲ್ಲಿ ಹಗ್ಗದ ಮೇಲಿನ ಬಟ್ಟೆ ಎಷ್ಟು ಬೆಳ್ಳಗಿದೆ ಎಂದು ಯಾರೂ ನೋಡಲಿಲ್ಲ. ಪುಡಿ ಕಡಿಮೆ ಹಾಕಿದರೆ ಜಾಲಾಡಿಸುವ ನೀರೂ ಕಡಿಮೆ ಸಾಕು. ಸೋಡಾದ ಚಮಚೆಗೆ ಇರುವ ನಿಜವಾದ ಬೆಲೆ ಇದೇ. ಒಂದು ಒಗೆತಕ್ಕೆ ಒಂದು ಬಕೆಟ್ ಉಳಿದರೂ ಅದು ಯಾವುದೋ ಹೆಣ್ಣುಮಗಳ ಸೊಂಟದ ಮೇಲಿನಿಂದ ಇಳಿದ ಕೊಡ. ಹುಳಿ, ಸೋಡಾ, ಪೆರಾಕ್ಸೈಡ್‌ಗಳ ದೊಡ್ಡ ಒಗೆತ ಎರಡು ಮೂರು ತಿಂಗಳಿಗೊಮ್ಮೆ ಸಾಕು. ಸೋಡಾ ಮುಟ್ಟುವಾಗ ರಬ್ಬರ್ ಕೈಗವಸು ಹಾಕಿ, ಮುಗಿದ ಮೇಲೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ.

ಮಳೆಗಾಲದಲ್ಲಿ ಇನ್ನೂ ಸುಲಭದ ದಾರಿಯಿದೆ. ಮೊದಲ ಒಂದೆರಡು ಮಳೆಯಲ್ಲಿ ಹೆಂಚಿನ ಧೂಳು ಕೊಚ್ಚಿ ಹೋಗಲಿ. ಆಮೇಲೆ ಸೂರಿನಡಿ ಡ್ರಮ್ ಇಟ್ಟು ಹಿಡಿದ ನೀರಿಗೆ ಸೋಡಾ ಬೇಡ, ಹುಳಿ ಬೇಡ. ನಮ್ಮ ಭಾಬಿ ಈಗಲೂ ಬಿಳಿ ಬಟ್ಟೆಗಳನ್ನು ಎತ್ತಿಟ್ಟುಕೊಂಡು ಸೋನೆ ಮಳೆಗೆ ಕಾಯುತ್ತಾರೆ. ಆ ನೀರಿನಲ್ಲಿ ಸೋಪು ಉಜ್ಜಿದಾಗ ಏಳುವ ನೊರೆ ನೋಡಿ “ನಮ್ಮೂರ ನೀರು ಬಂತು” ಎನ್ನುತ್ತಾರೆ. ಅವರ ಕೈಯಲ್ಲಿ ಒಗೆದ ಬಟ್ಟೆ ಬೀದಿಯಲ್ಲೇ ಹೆಚ್ಚು ಬೆಳ್ಳಗಿರುವುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ಹಿಂದೆ ಮಾತಾಡಿದವರೇ ಬಂದು ಸೋಡಾದ ಲೆಕ್ಕ ಕೇಳಿಕೊಂಡು ಹೋಗಿದ್ದಾರೆ. ಆದರೆ ಆ ಮೊದಲ ವರ್ಷದಲ್ಲಿ ಅವರು ಸುರಿಸಿದ ಕಣ್ಣೀರಿಗೆ ಲೆಕ್ಕ ಕೇಳಿದವರಿಲ್ಲ.

ನಿಮ್ಮ ಮನೆಗೆ ಹೊಸ ಸೊಸೆ ಬಂದಿದ್ದರೆ, ಅಥವಾ ಮಗಳನ್ನು ಬೇರೆ ನೀರಿನ ಊರಿಗೆ ಕೊಡುವುದಿದ್ದರೆ ಒಂದು ಚಿಕ್ಕ ಪರೀಕ್ಷೆ ಮಾಡಿ. ಒಂದೇ ಅಳತೆಯ ಎರಡು ಖಾಲಿ ಬಾಟಲಿಗಳಲ್ಲಿ ಒಂದಕ್ಕೆ ಅರ್ಧ ಮಳೆನೀರು, ಇನ್ನೊಂದಕ್ಕೆ ಅರ್ಧ ನಲ್ಲಿ ನೀರು ತುಂಬಿಸಿ. ಮೈಸೋಪನ್ನು ತುರಿದು ನೀರಿನಲ್ಲಿ ಕರಗಿಸಿ, ಆ ನೀರಿನ ಹತ್ತತ್ತು ಹನಿಗಳನ್ನು ಎರಡಕ್ಕೂ ಹಾಕಿ, ಮುಚ್ಚಳ ಹಾಕಿ ಜೋರಾಗಿ ಕುಲುಕಿ. ಒಂದರಲ್ಲಿ ನೊರೆ ಏಳುತ್ತದೆ. ಇನ್ನೊಂದರಲ್ಲಿ ಕದಡು ಮಾತ್ರ. ಎರಡನ್ನೂ ಕಿಟಕಿಯ ಮೇಲೆ ಪಕ್ಕಪಕ್ಕದಲ್ಲಿಡಿ. ಮನೆಯ ಹಿರಿಯರು ನೋಡಲಿ, ಬಿಳಿ ಜುಬ್ಬಾ ತೊಟ್ಟು ಹೊರಡುವ ಗಂಡಸರೂ ನೋಡಲಿ. ಮುಂದಿನ ಶುಕ್ರವಾರ ಬಕೆಟ್ಟಿಗೆ ನೀರು ತುಂಬಿಸಿ ಸೋಡಾ ಕಲಸಿಡುವ ಕೆಲಸವನ್ನು ಅವರೇ ಮಾಡಿದರೆ ಇನ್ನೂ ಒಳ್ಳೆಯದು. ಒಂದು ಚಮಚೆ ಎತ್ತಲು ಎಷ್ಟು ಬಲ ಬೇಕು?